ಸ್ಮಶಾನದ ಜಾಗ ಕೇಳಿದರೆ ಅದು ರಾಜಕೀಯವಾಗುತ್ತಾ?

ಓದುಗರ ಪ್ರಶ್ನೆ:

"ಸರ್, ಶರಣು. ನಮ್ಮದು ನವಲಗುಂದ ತಾಲೂಕು, ಬೆಣ್ಣಿಹಳ್ಳಕ್ಕೆ ಹತ್ತಿರದ ಊರು. ಅಕ್ಕಮಹಾದೇವಿಯ ಹೆಸರಿನ ನಮ್ಮ ಅಕ್ಕನ ಬಳಗದಲ್ಲಿ ಹದಿನಾಲ್ಕು ಮಂದಿ ಹೆಣ್ಣುಮಕ್ಕಳಿದ್ದೇವೆ. ಕೊರೊನಾ ಕಾಲದಲ್ಲಿ ಸಾವಾದ ಮನೆಗಳಿಗೆ ಬುತ್ತಿ ಕಳಿಸುವುದರಿಂದ ನಮ್ಮ ಕೆಲಸ ಶುರುವಾಯಿತು. ಆಮೇಲೆ ಮಸೂತಿ ಓಣಿಯ ಆರೇಳು ಹುಡುಗರು ಕೂಡಿಕೊಂಡರು. ಹುಬ್ಬಳ್ಳಿಯ ಚರ್ಚಿಗೆ ಹೋಗುವ ನಿವೃತ್ತ ನರ್ಸ್ ಒಬ್ಬರೂ ಇದ್ದಾರೆ. ಯಾರ ಮನೆಯಲ್ಲಿ ಸಾವಾದರೂ ಕುಣಿ ತೋಡಿಸುವುದು, ಟ್ರ್ಯಾಕ್ಟರ್, ತಾಡಪತ್ರಿ, ಲೈಟು ಎಲ್ಲ ನಾವೇ ನೋಡಿಕೊಳ್ಳುತ್ತೇವೆ.

ಊರಿನ ದಲಿತ ಕೇರಿಗೆ ಸ್ಮಶಾನ ಇಲ್ಲ. ಹಳ್ಳದ ದಂಡೆಯಲ್ಲೇ ಹೂಳುತ್ತಾರೆ. ಹೋದ ಮಳೆಗಾಲದಲ್ಲಿ ದಂಡೆ ಕುಸಿದು, ಎರಡು ತಿಂಗಳ ಹಿಂದೆ ಹೂತ ಅಜ್ಜಿಯ ಕುಣಿ ಬಾಯಿ ಬಿಟ್ಟಿತು. ಆಕೆಯ ಮಗ ರಾಡಿ ನೀರಿನಲ್ಲಿ ಇಳಿದು ಮತ್ತೆ ಮಣ್ಣು ಹಾಕಿದ. ಇನ್ನು ಇದು ಸಾಕು, ಸರ್ಕಾರಕ್ಕೆ ಜಾಗ ಕೇಳೋಣ ಅಂತ ಅವತ್ತೇ ನಿರ್ಧರಿಸಿದೆವು.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. 'ಮಠ-ಮಸೂತಿ ಮಂದಿ ರಾಜಕೀಯ ಮಾಡಬಾರದು, ಕಾಯ್ದೆ ಐತಿ, ಜೈಲ್ ಆಕ್ಕೈತಿ' ಅಂತ ಪಂಚಾಯಿತಿ ಮೆಂಬರೊಬ್ಬರು ಹೆದರಿಸಿದರು. ಟ್ರಸ್ಟಿನ ನೋಂದಣಿ ರದ್ದಾಗುತ್ತದೆ ಅಂತ ಮಠದ ಖಜಾಂಚಿಗೆ ಚಿಂತೆ. 'ಸೇವಾ ಮಾಡ್ರಿ, ಸರ್ಕಾರದ ಉಸಾಬರಿ ನಿಮಗ್ಯಾಕ' ಅಂತ ನಮ್ಮ ಮಾವನವರು. ಅಜ್ಜಾರಿಂದ (ಮಠದ ಸ್ವಾಮಿಗಳಿಂದ) ಮಂತ್ರಿಗೆ ಒಂದು ಫೋನ್ ಮಾಡಿಸಿದರೆ ಮುಗಿಯಿತು ಅನ್ನುವವರೂ ಇದ್ದಾರೆ. ಮುಂದಿನ ಚುನಾವಣೆಗೆ ನಿಲ್ಲುವ ಒಬ್ಬರು, ಜಾಗ ನಾನು ಕೊಡಿಸ್ತೇನೆ, ನಿಮ್ಮ ಬ್ಯಾನರಿನಲ್ಲಿ ನನ್ನ ಫೋಟೋ ಹಾಕಿ ಅನ್ನುತ್ತಿದ್ದಾರೆ. ನಮ್ಮೊಳಗೂ ಒಂದು ಜಗಳ ಇದೆ. ಕೇರಿಗೆ ಬೇರೆ ಸ್ಮಶಾನ ಕೇಳಬೇಕಾ, ಎಲ್ಲರಿಗೂ ಒಂದೇ ಕೇಳಬೇಕಾ? ದಾರಿ ತೋರಿಸಿ."

ಉತ್ತರ:

ತಂಗಿ, ಶರಣು. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಒಟ್ಟು 31 ವರ್ಷ. ನೀವು ಅರ್ಜಿ ಹಿಡಿದು ನಿಲ್ಲುವ ಮೇಜಿನ ಆಚೆ ಬದಿಯಲ್ಲಿ ಕೂತಿದ್ದವನು. ನಿಮ್ಮಂಥದ್ದೇ ಒಂದು ಅರ್ಜಿ ಒಮ್ಮೆ ನನ್ನ ಕೈಗೆ ಬಂದಿತ್ತು. ಒಂದು ಸಂಘದ ಲೆಟರ್‌ಹೆಡ್ಡು, ಕೆಳಗೆ ನೂರಾರು ಸಹಿ, ಹೆಬ್ಬೆಟ್ಟು. ಒಳಗೆ ಒಂದೇ ಮಾತು: ನಮ್ಮ ಊರಿನ ಬಡವರಿಗೆ ಸ್ಮಶಾನ ಮಂಜೂರು ಮಾಡಬೇಕು. ಎಲ್ಲಿ? ಎಷ್ಟು? ಯಾರ ಹೆಸರಿನ ಜಮೀನು? ಏನೂ ಇರಲಿಲ್ಲ. "ಜಮೀನಿನ ವಿವರ ಸಲ್ಲಿಸದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಿದೆ" ಎಂದು ಹಿಂಬರಹ ಬರೆದೆ. ಸಾಹೇಬರು ಸಹಿ ಹಾಕಿದರು. ಅವತ್ತು ನಾನು ನಿಯಮ ಮುರಿದಿರಲಿಲ್ಲ. ಆದರೆ ಆ ಊರಿನವರು ಮತ್ತೆ ಬರಲೇ ಇಲ್ಲ. ಒಬ್ಬ ಮುದುಕನನ್ನು ಕೂರಿಸಿ ಚಹಾ ಕೊಟ್ಟು ಸರ್ವೆ ನಂಬರ್ ಕೇಳಿದ್ದರೆ ಸಾಕಿತ್ತು. ನಾನು ಅಷ್ಟೂ ಮಾಡಲಿಲ್ಲ.

ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಪತ್ರದಲ್ಲಿ ಪ್ರಶ್ನೆ ಬಹಳ ಇವೆ, ಆದರೆ ಹೆದರಿಕೆ ಒಂದೇ. ದೇವರ ಹೆಸರಿನಲ್ಲಿ ಕೂಡಿದವರು ಸರ್ಕಾರದ ಬಾಗಿಲು ತಟ್ಟಿದರೆ, ಇಷ್ಟು ದಿನ ಕೂಡಿಸಿಟ್ಟ ಒಳ್ಳೆಯ ಹೆಸರೂ ಹೋಗಿ, ಜಾಗವೂ ಸಿಗದೆ, ಮೇಲೆ ಕೇಸೂ ಬಿದ್ದರೆ? ಕೇಸಿನ ಮಾತು ಮೊದಲು ಮುಗಿಸೋಣ.

ಮೆಂಬರ್ ಹೇಳಿದ ಕಾಯ್ದೆ ಇರುವುದು ನಿಜ. ಅದು 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಪಂಜಾಬಿನ ಆ ಕಾಲದ ಗಲಾಟೆಯ ಹಿನ್ನೆಲೆಯಲ್ಲಿ ಬಂದದ್ದು. ಗುಡಿ, ಮಠ, ಮಸೂತಿ, ಚರ್ಚು, ಗುರುದ್ವಾರ ಎಲ್ಲಕ್ಕೂ ಅನ್ವಯಿಸುತ್ತದೆ. ಧಾರ್ಮಿಕ ಸಂಸ್ಥೆಯ ಕಟ್ಟಡ, ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು. ಸಂಸ್ಥೆಯ ದುಡ್ಡನ್ನೂ ಬಳಸಬಾರದು. ಅದರ ಉತ್ಸವ, ಮೆರವಣಿಗೆಯನ್ನೂ ಅದಕ್ಕೆ ಬಳಸಬಾರದು. ತಪ್ಪಿದರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಮೆಂಬರ್ ಹೇಳಿದ್ದರಲ್ಲಿ ಇಷ್ಟು ನಿಜ.

ಅವರು ಹೇಳದೆ ಬಿಟ್ಟದ್ದೂ ಇದೆ. ಆ ಕಾಯ್ದೆ ಸಂಸ್ಥೆಯ ಜಾಗ, ದುಡ್ಡು, ಜಾತ್ರೆಯ ಮೇಲೆ ಕಣ್ಣಿಟ್ಟಿದೆ. ನಿಮ್ಮ ಮೇಲೆ ಅಲ್ಲ. ವಿಭೂತಿ ಹಚ್ಚಿಕೊಂಡವರು, ಟೊಪ್ಪಿಗೆ ಹಾಕಿಕೊಂಡವರು, ಕೊರಳಲ್ಲಿ ಶಿಲುಬೆ ಇರುವವರು ಅರ್ಜಿ ಕೊಡಬಾರದು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾರು ಬೇಕಾದರೂ ತಮ್ಮ ಕುಂದುಕೊರತೆಯನ್ನು ಯಾವ ಅಧಿಕಾರಿಗಾದರೂ ಬರೆದು ಕೊಡಬಹುದು. ರಾಜ್ಯದಲ್ಲಿ ಬಳಸುವ ಭಾಷೆಯಲ್ಲೇ ಕೊಡಬಹುದು. ಕನ್ನಡದಲ್ಲಿ ಬರೆಯಿರಿ, ಯಾರ ಇಂಗ್ಲಿಷೂ ಬೇಕಿಲ್ಲ.

ಆದರೆ ಒಂದು ಕಡೆ ಹುಷಾರು. ಆ ಕಾಯ್ದೆಯಲ್ಲಿ ರಾಜಕೀಯ ಚಟುವಟಿಕೆ ಅಂದರೆ ಪಕ್ಷದ ಪ್ರಚಾರ ಮಾತ್ರ ಅಲ್ಲ. "ರಾಜಕೀಯ ಸ್ವರೂಪದ" ವಿಷಯ, ಪ್ರಶ್ನೆಗಳೂ ಅದರೊಳಗೆ ಬರುತ್ತವೆ. ಈ ಮಾತು ಬಹಳ ಅಗಲ. ಸ್ಮಶಾನದ ಬೇಡಿಕೆ ರಾಜಕೀಯ ಅಂತ ಯಾವ ಬುದ್ಧಿವಂತ ಅಧಿಕಾರಿಯೂ ಹೇಳಲಾರ. ಆದರೂ ನಿಮ್ಮನ್ನು ಸತಾಯಿಸಬೇಕು ಅಂತ ಕೂತವನಿಗೆ ದೂರು ಬರೆಯಲು ಅಷ್ಟು ಅಗಲ ಸಾಕು. ಆದ್ದರಿಂದ ಸಭೆಯನ್ನು ಮಠದ ಪ್ರಾಂಗಣದಲ್ಲಿ ಮಾಡಬೇಡಿ, ಮಸೂತಿಯ ಪಡಸಾಲೆಯಲ್ಲೂ ಬೇಡ. ಶಾಲೆಯ ಬಯಲು, ಪಂಚಾಯಿತಿ ಕಟ್ಟೆ ಇವೆಯಲ್ಲ? ನನ್ನ ಕೇಳಿದರೆ ಕೇರಿಯಲ್ಲೇ ಮಾಡಿ. ಅದಕ್ಕೆ ಬೇರೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಖರ್ಚಿಗೆ ಹುಂಡಿಯ ದುಡ್ಡು, ದಾಸೋಹದ ದುಡ್ಡು ಮುಟ್ಟಬೇಡಿ. ನೀವು ನೀವೇ ಪಟ್ಟಿ ಹಾಕಿಕೊಳ್ಳಿ, ಒಂದು ನೋಟುಬುಕ್ಕಿನಲ್ಲಿ ಜಮಾ-ಖರ್ಚು ಬರೆಯಿರಿ. ಜೆಸಿಬಿ ಬಾಡಿಗೆಯ ಚೀಟಿಯನ್ನೂ ಇಟ್ಟುಕೊಳ್ಳಿ.

ಖಜಾಂಚಿಯವರ ಚಿಂತೆಗೆ ಉತ್ತರ ಇದರಲ್ಲೇ ಬಂತು. ಟ್ರಸ್ಟಿಗೆ ತೊಂದರೆ ಆಗುವುದು ಟ್ರಸ್ಟು ತನ್ನ ಉದ್ದೇಶಪತ್ರದಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಖರ್ಚು ಮಾಡಿದರೆ. ನೀವು ಟ್ರಸ್ಟಿನ ಹೆಸರನ್ನೇ ತರದಿದ್ದರೆ ಅವರ ನೋಂದಣಿಗೂ ನಿಮ್ಮ ಅರ್ಜಿಗೂ ಸಂಬಂಧ ಏನು? ಅರ್ಜಿ ಕೊಡಲು ನಿಮಗೂ ನೋಂದಣಿ ಬೇಕಿಲ್ಲ. ನಾಳೆ ಬ್ಯಾಂಕ್ ಖಾತೆ ಬೇಕು, ಕೆಲಸ ದೊಡ್ಡದಾಯಿತು ಅನ್ನಿಸಿದರೆ ಏಳು ಮಂದಿ ಕೂಡಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ಆದರೆ ವರ್ಷ ವರ್ಷ ಲೆಕ್ಕ ಕೊಡಬೇಕು. ಕೊಡದೆ ಸತ್ತ ಸಂಘಗಳ ಪಟ್ಟಿ ನಮ್ಮ ಜಿಲ್ಲೆಯಲ್ಲಿ ಸಣ್ಣದೇನಲ್ಲ. ಸದ್ಯಕ್ಕೆ ಬೇಡ.

ನರ್ಸಮ್ಮನವರ ಕಡೆಯಿಂದ ಚರ್ಚಿನ ನೆರವು ಬರುವುದಾದರೆ ಒಂದು ಮಾತು ಕೇಳಿ: ಅದು ಹೊರದೇಶದ ದುಡ್ಡಾ? ಹೌದಾದರೆ ಒಂದು ರೂಪಾಯಿಯೂ ಬೇಡ. ವಿದೇಶಿ ವಂತಿಗೆ ಕಾಯ್ದೆ ಬೇರೆಯೇ ಜಗತ್ತು. ಪಕ್ಷದ ಗುರಿ ಇಲ್ಲದೆ ಜನರ ಹಕ್ಕಿಗಾಗಿ ನಿಲ್ಲುವ ಸಂಸ್ಥೆಯನ್ನು ಆ ಕಾಯ್ದೆಯಡಿ ರಾಜಕೀಯ ಸಂಸ್ಥೆ ಎಂದು ಶಿಕ್ಷಿಸಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ನಿಜ. ಆದರೆ ಒಂದು ಸ್ಮಶಾನಕ್ಕಾಗಿ ನೀವು ದೆಹಲಿಯವರೆಗೆ ಆ ತೀರ್ಪು ಹೊತ್ತುಕೊಂಡು ಹೋಗುವುದು ಬೇಕಾ?

ಇನ್ನು ಬ್ಯಾನರಿನ ಮಹಾಶಯರು. ಅವರನ್ನು ದೂರ ಇಡಿ ಅನ್ನುವುದಿಲ್ಲ. ಗ್ರಾಮ ಸಭೆಗೆ ಬಂದು ಎದ್ದು ನಿಂತು ಬೆಂಬಲಿಸಲಿ, ಅವರೂ ಊರಿನ ಮತದಾರರೇ. ಅವರಿಗೆ ಕೊಟ್ಟ ಪತ್ರವನ್ನೇ ಉಳಿದ ಪಕ್ಷದವರಿಗೂ ಕೊಡಿ, ಎಲ್ಲರಿಂದಲೂ ಪೋಚ್ (ಪತ್ರ ಮುಟ್ಟಿದ್ದಕ್ಕೆ ಸಹಿ) ತೆಗೆದುಕೊಳ್ಳಿ. ಫೋಟೋ ಮಾತ್ರ ಬೇಡ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟ ನಡೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರನ ಧರ್ಮದ ಹೆಸರು ಹೇಳಿ ಕೇಳಿದರೂ ತಪ್ಪೇ. ಅಕ್ಕನ ಬಳಗ, ಮಸೂತಿ ಹುಡುಗರು ಎಂದು ಬರೆದ ಬ್ಯಾನರಿನಲ್ಲಿ ಅವರ ಮುಖ ಬಂತೆಂದರೆ, ನಾಳೆ ಎದುರಾಳಿ ಅದನ್ನು ಬಿಡುತ್ತಾನಾ? ಇನ್ನೊಂದು, ನೀತಿ ಸಂಹಿತೆ ಜಾರಿಯಾದರೆ ಹೊಸ ಮಂಜೂರಾತಿ ಕಡತಗಳೆಲ್ಲ ಮಲಗಿಬಿಡುತ್ತವೆ. ಚುನಾವಣೆ ದಿನಾಂಕ ನೋಡಿಕೊಂಡು ಹೆಜ್ಜೆ ಇಡಿ.

ಈಗ ಮುಖ್ಯ ಮಾತಿಗೆ ಬರೋಣ. ಕೇರಿಗೆ ಸ್ಮಶಾನ ಯಾಕಿಲ್ಲ? ಯಾರೋ ಕೆಟ್ಟವರು ಕಸಿದುಕೊಂಡದ್ದಕ್ಕೆ ಅಂತ ಅಂದುಕೊಳ್ಳುವುದು ಸುಲಭ. ಹಾಗಾದದ್ದೂ ಕೆಲವು ಕಡೆ ಇದೆ. ಆದರೆ ನಾನು ನೋಡಿದ ಹೆಚ್ಚಿನ ಊರುಗಳಲ್ಲಿ ಯಾರೂ ಏನೂ ಕಸಿದಿರಲಿಲ್ಲ. ಕಾಗದದ ಮೇಲೆ ಅದು ಯಾವತ್ತೂ ಇರಲೇ ಇಲ್ಲ.

ನಿಮ್ಮದು ಎರೆ ಸೀಮೆ. ಮುಂಬೈ ಸರ್ಕಾರದ ಕಾಲದಲ್ಲೇ ಮೋಜಣಿ (ಭೂಮಿಯ ಅಳತೆ) ಆಗಿ, ಕಣ್ಣಿಗೆ ಬೀಳುವ ಹೊಲಕ್ಕೆಲ್ಲ ಸರ್ವೆ ನಂಬರ್, ಒಡೆಯನ ಹೆಸರು ಬಿದ್ದಿತು. ಬೆಳೆ ಬರುವ ಎರೆ ಭೂಮಿಯನ್ನು ಯಾರು ಖಾಲಿ ಬಿಡುತ್ತಾರೆ? ಗಾಯರಾಣ (ಗೋಮಾಳ) ಉಳಿದದ್ದೇ ಕಡಿಮೆ. ಹೊಲ ಇದ್ದ ಮನೆತನದವರು ತಮ್ಮ ಹೊಲದ ಬದುವಿನಲ್ಲಿ ಹಿರಿಯರನ್ನು ಹೂತರು, ಗದ್ದುಗೆ ಕಟ್ಟಿದರು. ಮುಸಲ್ಮಾನರಿಗೆ ಖಬರಸ್ಥಾನ ಇತ್ತು. ಲಿಂಗವಂತರದ್ದೂ ಒಂದು ಜಾಗ ರೂಢಿಯಲ್ಲಿ ನಿಂತಿತು. ಹೊಲ ಇಲ್ಲದ ಕೇರಿಯವರಿಗೆ ಉಳಿದದ್ದು ಹಳ್ಳದ ದಂಡೆ. ಅಜ್ಜ, ಮುತ್ತಜ್ಜ ಎಲ್ಲರೂ ಅಲ್ಲೇ ಮಣ್ಣಾದರು. ಊರಿಗೆಲ್ಲ ಅದು ಗೊತ್ತು. ಉತಾರಕ್ಕೆ (ಪಹಣಿಗೆ) ಗೊತ್ತಿಲ್ಲ. ಉತಾರದಲ್ಲಿ ಅದು ಹಳ್ಳ, ಖರಾಬು (ಸಾಗುವಳಿಗೆ ಬಾರದ ಜಾಗ) ಅಷ್ಟೇ. ಸರ್ಕಾರ ಊರನ್ನು ನೋಡುವುದು ಉತಾರದ ಕಣ್ಣಿನಿಂದ.

ನಿಮ್ಮ ಮಾವನವರ ಮಾತಿಗೆ ನನ್ನ ಉತ್ತರವೂ ಇದೇ. ಅವರನ್ನು ಎದುರಿಸಿ ಮಾತಾಡಬೇಡಿ, ಅವರು ಹೇಳುವುದರಲ್ಲಿ ಹಿರಿಯರ ಅನುಭವ ಇದೆ. ಆದರೆ ನೀವು ಎಷ್ಟು ಸಲ ಕುಣಿ ತೋಡಿಸಿದರೂ ಆ ಉತಾರದಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ. ನಿಮ್ಮ ಗುಂಪು ನಾಳೆ ಚದುರಿದರೆ, ಮುಂದಿನ ಸಾವಿಗೆ ಕೇರಿಯವರು ಮತ್ತೆ ಅದೇ ರಾಡಿಯಲ್ಲಿ ನಿಲ್ಲುತ್ತಾರೆ. ಇನ್ನೂ ಒಂದು ಮಾತು, ಸ್ವಲ್ಪ ಕಹಿ. ಸ್ವಯಂಸೇವಕರು ಚೆನ್ನಾಗಿ ಕೆಲಸ ಮಾಡುವ ಊರಿನಲ್ಲಿ ಕಚೇರಿಯವರಿಗೆ ನೆಮ್ಮದಿ ಜಾಸ್ತಿ. ಹೆಂಗೂ ನಡೀತಾ ಇದೆಯಲ್ಲ ಅಂತ ಕಡತ ಕೆಳಗೆ ಹೋಗುತ್ತದೆ. ನಾನೇ ಕೆಳಗೆ ಇಟ್ಟಿದ್ದೇನೆ.

ಹಾಗಾದರೆ ಅಜ್ಜಾರಿಂದ ಫೋನ್? ಇದಕ್ಕೆ ನಿಧಾನವಾಗಿ ಉತ್ತರ ಹೇಳಬೇಕು. ನಮ್ಮ ಕಡೆ ಮಠಗಳ ಮಾತಿಗೆ ತೂಕ ಇದೆ, ಅದನ್ನು ಕಡೆಗಣಿಸುವುದು ಮೂರ್ಖತನ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳನ್ನು ನೆನೆಯಿರಿ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಿನ ಫಲವತ್ತಾದ ಜಮೀನಿನಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದಾಗ ಅವರು ರೈತರ ಜೊತೆ ಬೀದಿಗಿಳಿದರು. 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ಆಮೇಲೆ ಗದಗ ಜಿಲ್ಲೆಯ ಕಾಡುಗುಡ್ಡ ಕಪ್ಪತಗುಡ್ಡ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿ, 2016ರಲ್ಲಿ ಆ ಘೋಷಣೆಯನ್ನೇ ವಾಪಸ್ ತೆಗೆದುಕೊಂಡರು. 2017ರಲ್ಲಿ ಸ್ವಾಮಿಗಳು, ಧಾರವಾಡದ ಪರಿಸರ ಹೋರಾಟಗಾರ ಎಸ್.ಆರ್. ಹಿರೇಮಠರಂಥವರು, ಊರೂರಿನ ಮಂದಿ ಗದಗಿನಲ್ಲಿ ಧರಣಿ ಕೂತರು. ಅದೇ ವರ್ಷ ಆ ಸ್ಥಾನಮಾನ ಮರಳಿ ಬಂತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯಿತು.

ಈ ಕೊನೆಯ ಎರಡು ಇಸವಿಗಳನ್ನು ನಾನು ಬೇಕಂತಲೇ ಪಕ್ಕಪಕ್ಕ ಇಟ್ಟೆ. ಸ್ವಾಮಿಗಳು ಹೋದ ಮೇಲೂ ಕೆಲಸ ಮುಂದೆ ಹೋಯಿತು. ಯಾಕೆಂದರೆ ಅದು ಒಂದು ಫೋನಿನ ಮೇಲೆ ನಿಂತಿರಲಿಲ್ಲ. ರೈತರಿದ್ದರು, ಪರಿಸರದವರಿದ್ದರು, ಸರ್ಕಾರಿ ಆದೇಶ ಅನ್ನುವ ಕಾಗದ ಇತ್ತು. ಆ ಕಾಗದವನ್ನು ಹಿಂದೆ ತೆಗೆದಾಗ ಪ್ರಶ್ನೆ ಮಾಡಲು ಜನ ಇದ್ದರು. ಬರೀ ಫೋನಿನಲ್ಲಿ ಸಿಕ್ಕ ಜಾಗದ ಕತೆ ನನಗೆ ಗೊತ್ತು. ಮಂತ್ರಿ "ಮಾಡಿಬಿಡ್ರೀ" ಅನ್ನುತ್ತಾರೆ. ತಹಶೀಲ್ದಾರರು ಬಂದು ಕೈ ತೋರಿಸಿ, ಇಲ್ಲಿ ಹೂಳಿರಿ ಅನ್ನುತ್ತಾರೆ. ಎಲ್ಲರಿಗೂ ಹೂವಿನ ಹಾರ. ಆರು ತಿಂಗಳಿಗೆ ತಹಶೀಲ್ದಾರರಿಗೆ ವರ್ಗ. ಮುಂದಿನವರಿಗೆ ಕಡತವೇ ಇಲ್ಲ. ಆಮೇಲೆ ಪಕ್ಕದ ಹೊಲದವನು ತಂತಿಬೇಲಿ ಹಾಕುತ್ತಾನೆ.

ಅಜ್ಜಾರು ಬರಲಿ. ಆದರೆ ಕೊನೆಗೆ ಬರಲಿ. ಕಾಗದ ಎಲ್ಲ ತಯಾರಾಗಿ ಮೇಜಿನ ಮೇಲೆ ಮಲಗಿದಾಗ, ಇದೇನಾಯಿತು ಅಂತ ಕೇಳಲಿ. ಮಸೂತಿಯ ಹಿರಿಯರೂ ಜೊತೆಗಿದ್ದು ಕೇಳಲಿ.

ಕಾಗದದ ಕೆಲಸಕ್ಕೆ ನಾಡಕಚೇರಿಯಿಂದ ಆರಂಭಿಸಿ. ಕೇರಿಯಿಂದ ಹೆಣ ಹೊತ್ತು ನಡೆಯುವಷ್ಟು ದೂರದಲ್ಲಿ ಸರ್ಕಾರಿ ಜಾಗ ಏನಿದೆ ನೋಡಿ. ಉತಾರ ತೆಗೆಸಿ, 9ನೇ ಕಾಲಂ ಓದಿ, ಮಾಲೀಕರು ಯಾರು ಅಂತ ಅಲ್ಲಿರುತ್ತದೆ. "ಸರ್ಕಾರ", "ಗಾಯರಾಣ" ಅಂತ ಇದ್ದರೆ ಅದೃಷ್ಟ. ತಲಾಟಿಯವರಿಗೆ (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ) ಇದೆಲ್ಲ ಬಾಯಿಪಾಠ ಇರುತ್ತದೆ. ಸಿಟ್ಟು ಮಾಡದೆ ಕೇಳಿದರೆ ಹೇಳುತ್ತಾರೆ. ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಹಳ್ಳದ ದಂಡೆಯನ್ನೇ ಸ್ಮಶಾನ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ. ಬೆಣ್ಣಿಹಳ್ಳ ಉಕ್ಕಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಆಮೇಲೆ ಗ್ರಾಮ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು. ಹಾಜರಾತಿ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಎಷ್ಟೋ ಊರುಗಳಲ್ಲಿ ಗ್ರಾಮ ಸಭೆ ಅಂದರೆ ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ತರಿಸುವುದು ಅಂತಾಗಿದೆ, ಅಲ್ವಾ? ನಿಮ್ಮ ಬಳಗದ ಬಲ ಇಲ್ಲೇ ಉಪಯೋಗಕ್ಕೆ ಬರುವುದು. ಹದಿನಾಲ್ಕು ಹೆಣ್ಣುಮಕ್ಕಳು ಮನೆಗೆ ಐದೈದು ಮಂದಿಯನ್ನು ಎಬ್ಬಿಸಿಕೊಂಡು ಬಂದರೆ ಸಭೆ ಕಾಗದದಲ್ಲಿ ಅಲ್ಲ, ಕಟ್ಟೆಯ ಮೇಲೆ ಆಗುತ್ತದೆ. ಠರಾವು ಬರೆಸಿ. ಸರ್ವೆ ನಂಬರ್, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಠರಾವಿನ ಒಳಗೇ ಇರಲಿ. ಪ್ರತಿಯನ್ನು ಪಿಡಿಒ ಸಹಿ, ಸಿಕ್ಕಾ ಸಮೇತ ಆ ವಾರವೇ ತೆಗೆದುಕೊಳ್ಳಿ. "ಮುಂದಿನ ಸೋಮವಾರ ಬರ್ರಿ" ಅಂದರೆ ಸೋಮವಾರ ಬೆಳಿಗ್ಗೆಯೇ ಹೋಗಿ ಕೂತುಕೊಳ್ಳಿ.

ಆ ಠರಾವು, ಉತಾರ, ಕೈನಕ್ಷೆ, ದಂಡೆ ಕುಸಿದ ಫೋಟೋ, ಕಳೆದ ಐದು ವರ್ಷದಲ್ಲಿ ಕೇರಿಯಲ್ಲಾದ ಸಾವಿನ ಪಟ್ಟಿ ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಪ್ರತಿ ಉಪವಿಭಾಗಾಧಿಕಾರಿಗೆ, ಜಿಲ್ಲಾಧಿಕಾರಿಗೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸುವ ದಾರಿ ಇದೆ. ಆ ಕಲಮಿನ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ. ಕಲಂ ಸಂಖ್ಯೆ ಇರುವ ಅರ್ಜಿಯನ್ನು ಗುಮಾಸ್ತರು ಸ್ವಲ್ಪ ನೆಟ್ಟಗೆ ಕೂತು ಓದುತ್ತಾರೆ. ಇದು ನನ್ನ ಅನುಭವ.

ಸರ್ಕಾರಿ ಜಾಗ ಇಲ್ಲವೇ ಇಲ್ಲ ಅಂದರೆ? ಖಾಸಗಿ ಜಮೀನು ಕೊಂಡು ಸ್ಮಶಾನಕ್ಕೆ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಇದೆ. ಊರೂರಿಗೆ ಸ್ಮಶಾನ ಇರಬೇಕು ಎಂದು ಹೈಕೋರ್ಟೂ ಹೇಳಿದೆ, ಪಾಲಿಸಲಿಲ್ಲ ಎಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ನಡೆದಿದೆ. ಆದರೆ ಮಾರುವವರು ಬೇಕಲ್ಲ? ಸ್ಮಶಾನಕ್ಕೆ ಅಂದರೆ ಪಕ್ಕದ ಹೊಲದವರೂ ತಕರಾರು ತೆಗೆಯುತ್ತಾರೆ. ಊರಿನ ಉಳ್ಳವರಲ್ಲಿ ಒಬ್ಬರ ಮನಸ್ಸು ಕರಗಿಸಲು ನಿಮ್ಮಂಥವರೇ ಬೇಕು. ಕಾನೂನು ಅಲ್ಲಿಗೆ ಹೋಗಲಾರದು.

ಯಾರಾದರೂ ದಾನ ಕೊಡುತ್ತೇನೆ ಅಂದರೆ ಕೂಡಲೇ ಹಾರ ಹಾಕಬೇಡಿ. ಜಾತ್ರೆಯ ವೇದಿಕೆಯಲ್ಲಿ ಮೈಕು ಹಿಡಿದು "ಒಂದು ಎಕರೆ ಬಿಟ್ಟುಕೊಟ್ಟೆ" ಅಂದದ್ದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಸ್ಥಿರಾಸ್ತಿಯ ದಾನ ಬರವಣಿಗೆಯಲ್ಲಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಆ ಜಮೀನು ಒಟ್ಟು ಮನೆತನದ್ದಾದರೆ ಅಣ್ಣತಮ್ಮಂದಿರ, ಹೆಣ್ಣುಮಕ್ಕಳ ಒಪ್ಪಿಗೆಯೂ ಬೇಕು. ದಾನಪತ್ರ ಮಠದ ಹೆಸರಿಗೆ ಬೇಡ, ಮಸೂತಿ ಹೆಸರಿಗೂ ಬೇಡ. ಪಂಚಾಯಿತಿಗೋ ಸರ್ಕಾರಕ್ಕೋ ಆಗಲಿ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಇಪ್ಪತ್ತು ವರ್ಷದ ಮೇಲೆ ಮಠದ ಕಮಿಟಿಯಲ್ಲಿ ಯಾರಿರುತ್ತಾರೋ ಯಾರು ಬಲ್ಲರು?

ದಾರಿಯನ್ನು ಮರೆಯಬೇಡಿ. ಜಾಗ ಸಿಕ್ಕು ದಾರಿ ಸಿಗದ ಸ್ಮಶಾನಗಳನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಒಂದು ಊರಿನಲ್ಲಿ ಒಂದೂವರೆ ಎಕರೆ ಮಂಜೂರಾಗಿತ್ತು, ಕಾಂಪೌಂಡ್ ಕೂಡ ಆಗಿತ್ತು. ಸುತ್ತ ನಾಲ್ಕೂ ಕಡೆ ಪಟ್ಟಾ ಹೊಲ. ಬೇಸಿಗೆಯಲ್ಲಿ ಸತ್ತರೆ ಹೊಲ ದಾಟಿ ಹೋಗಬಹುದು. ಹೆಸರುಕಾಳು ಬಿತ್ತಿದ ಮೇಲೆ ಸತ್ತರೆ ಹೊಲದವನು ಬಿಡ. ಅವನನ್ನೂ ಪೂರ್ತಿ ಬೈಯಲಾರೆ, ಅವನ ಬೆಳೆ. ಕೊನೆಗೆ ಅವರು ಮತ್ತೆ ಹಳೆಯ ಜಾಗಕ್ಕೇ ಹೋದರು. ಅದಕ್ಕೇ ಅರ್ಜಿಯಲ್ಲೇ ದಾರಿಯ ಅಗಲ ಬರೆದು ಕೇಳಿ. ಮಂಜೂರಾದ ಮೇಲೆ ಮೋಜಣಿ ಮಾಡಿಸಿ, ಹದ್ದುಬಸ್ತು ಹಾಕಿಸಿ, ಬಾಂದು ಕಲ್ಲು ನೆಡಿಸಿ. ಉತಾರದಲ್ಲಿ ಸ್ಮಶಾನ ಅಂತ ದಾಖಲಾಗಿ ಕೈಗೆ ಬಂದ ಮೇಲೆ ಸಿಹಿ ಹಂಚಿ. ಮೊದಲಲ್ಲ.

ಇನ್ನು ನಿಮ್ಮೊಳಗಿನ ಜಗಳ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ ಪ್ರಶ್ನೆ ಇದೇ. ಎಲ್ಲರಿಗೂ ಒಂದೇ ಸ್ಮಶಾನ ಅನ್ನುವವರು ಶರಣರ ದಾರಿಯ ಮಾತನ್ನೇ ಆಡುತ್ತಿದ್ದಾರೆ, ಸಂತೋಷ. ಆದರೆ ಅವರಿಗೆ ಒಂದು ಪ್ರಶ್ನೆ ಕೇಳಿ: ನಿಮ್ಮ ಮನೆಯ ಹಿರಿಯರನ್ನು ಅಲ್ಲಿ ತಂದು ಹೂಳುತ್ತೀರಾ? ಹೌದು ಅಂದರೆ ಅವರ ಹೆಸರು ಅರ್ಜಿಯಲ್ಲಿ ಮುಂದೆ ಇರಲಿ. ಮೌನವಾದರೆ, ಅವರ ಆದರ್ಶಕ್ಕಾಗಿ ಕೇರಿಯವರು ಇನ್ನೂ ಹತ್ತು ವರ್ಷ ಕಾಯುವುದು ನ್ಯಾಯವಲ್ಲ. ನನ್ನ ಸಲಹೆ ಇಷ್ಟು. ಜಾಗ ಕೇರಿಗೆ ಹತ್ತಿರ ಇರಲಿ. ದಾಖಲೆಯಲ್ಲಿ ಜಾತಿಯ ಹೆಸರು ಬೇಡ, "ಸಾರ್ವಜನಿಕ ಸ್ಮಶಾನ" ಅಂತಿರಲಿ. ಇಂಥ ಜಾತಿಯ ಸ್ಮಶಾನ ಅಂತ ಸರ್ಕಾರಿ ದಾಖಲೆಯಲ್ಲೇ ಬರೆಸಿದರೆ, ನಾಳೆ ಊರಿನ ಇನ್ನೊಂದು ಜಾಗಕ್ಕೆ ಅವರು ಹೋದಾಗ "ನಿಮ್ಮದು ಅಲ್ಲೈತಲ್ಲ" ಅನ್ನಲು ಒಂದು ಕಾಗದ ಸಿಕ್ಕಂತಾಗುತ್ತದೆ.

ಹಾಗೆ ಯಾರಾದರೂ ತಡೆದರೆ ಅದು ಅಪರಾಧ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೂ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಬಂದು, 2016ರ ಜನವರಿ 26ರಿಂದ ಸ್ಮಶಾನ ಬಳಸದಂತೆ ಅಡ್ಡಿ ಮಾಡುವುದು ಅದರಲ್ಲೂ ಸ್ಪಷ್ಟವಾಗಿ ಸೇರಿದೆ. ಆದರೆ ಕೇಸು ಹಾಕುವ ನಿರ್ಧಾರ ನಿಮ್ಮದಲ್ಲ. ಕೇಸಾದ ಮರುದಿನ ಕೂಲಿಗೆ ಕರೆಯದಿದ್ದರೆ ಒಲೆ ಆರುವುದು ಅವರ ಮನೆಯದ್ದು. ಬಹಿಷ್ಕಾರವೂ ಅಪರಾಧವೇ, ಆದರೆ ಅದನ್ನು ಸಾಬೀತು ಮಾಡುವಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ. ಅವರು ಹಾಕುತ್ತೇವೆ ಅಂದರೆ ಜೊತೆಗೆ ನಿಂತುಕೊಳ್ಳಿ. ಬೇಡ ಅಂದರೆ ಒತ್ತಾಯ ಬೇಡ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಹೈಕೋರ್ಟ್ ಪೀಠವೂ ಧಾರವಾಡದಲ್ಲೇ ಇದೆ, ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ಕಾಲ ಹೋಯಿತು. ಆದರೂ ಕೋರ್ಟು ಕೊನೆಯ ದಾರಿ. ಅರ್ಜಿ, ಹಿಂಬರಹ, ನೆನಪೋಲೆ ಇವೆಲ್ಲ ಕೈಯಲ್ಲಿ ಇದ್ದಾಗ ಮಾತ್ರ ಅಲ್ಲೂ ಕೇಳುತ್ತಾರೆ.

ಸಭೆಯನ್ನು ಕೇರಿಯಲ್ಲೇ ಮಾಡಿ ಅಂದೆನಲ್ಲ, ಕಾರಣ ಇದು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಳಗ ಇದೆ, ಹುಡುಗರಿದ್ದಾರೆ, ನರ್ಸಮ್ಮ ಇದ್ದಾರೆ, ಮಾವ ಇದ್ದಾರೆ, ಬ್ಯಾನರಿನವರೂ ಇದ್ದಾರೆ. ಕೇರಿಯವರು ಏನಂದರು ಅಂತ ಒಂದು ಸಾಲೂ ಇಲ್ಲ. ಬೇಜಾರಾಗಬೇಡಿ, ಒಳ್ಳೆಯ ಮನಸ್ಸಿನವರೇ ಈ ತಪ್ಪನ್ನು ಜಾಸ್ತಿ ಮಾಡುವುದು. ಅವರಿಗೆ ಯಾವ ಕಡೆಯ ಜಾಗ ಬೇಕು, ಎಲ್ಲಿ ಹೋಗಲು ಹೆದರಿಕೆ ಇದೆ, ಹಳೆಯ ದಂಡೆಯಲ್ಲಿ ಮಲಗಿದ ಹಿರಿಯರನ್ನು ಬಿಟ್ಟು ಬರಲು ಮನಸ್ಸಿದೆಯಾ, ಇದನ್ನೆಲ್ಲ ಅವರೇ ಹೇಳಬೇಕು. ಅರ್ಜಿಯ ಮೊದಲ ಸಹಿ ಆ ಅಜ್ಜಿಯ ಮಗನದ್ದು ಆಗಲಿ, ಅವರಿಗೆ ಒಪ್ಪಿಗೆ ಇದ್ದರೆ. ನಿಮ್ಮ ಸಹಿಗಳು ಅದರ ಕೆಳಗೆ ಇರಲಿ.

ಕೆಳಗಿದ್ದರೂ ಅವುಗಳ ಬೆಲೆ ಕಡಿಮೆ ಆಗುವುದಿಲ್ಲ. ಕಚೇರಿಗೆ ಒಂದು ಅರ್ಜಿ ಬಂದರೆ ಬಾಯಿಬಿಟ್ಟು ಕೇಳದ ಮೊದಲ ಪ್ರಶ್ನೆ "ಇವರು ಯಾರ ಮಂದಿ?" ಅಂತ. ಹೆಸರು ಓದಿದರೆ ಉತ್ತರ ಸಿಗುತ್ತದೆ, ಅದರ ಮೇಲೆ ಕಡತದ ವೇಗ ನಿರ್ಧಾರವಾಗುತ್ತದೆ. ಕೇರಿಯ ಹೆಸರು, ಬಳಗದ ಹೆಸರು, ಮಸೂತಿ ಓಣಿಯ ಹೆಸರು, ನರ್ಸಮ್ಮನ ಹೆಸರು ಒಂದೇ ಹಾಳೆಯಲ್ಲಿ ಕೂತರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗುಮಾಸ್ತ ಅರ್ಜಿಯನ್ನೇ ಓದಬೇಕಾಗುತ್ತದೆ. ಶರೀಫರು ಗೋವಿಂದ ಭಟ್ಟರ ಹಿಂದೆ ಹೋದ ಸೀಮೆ ನಮ್ಮದು, ಹೆಸರುಗಳು ಕೂಡಿದ್ದು ಹೊಸದೇನಲ್ಲ. ಆದರೆ ಹುಬ್ಬಳ್ಳಿಯಲ್ಲಿ ಏನಾದರೂ ಗದ್ದಲ ಆದ ದಿನ ನಿಮ್ಮ ಹುಡುಗರನ್ನೂ ನಿಮ್ಮನ್ನೂ ಎಳೆದಾಡುವವರು ಬರುತ್ತಾರೆ. ವಾಟ್ಸಾಪಿನಲ್ಲಿ ಬೇರೆ ಯಾವ ವಿಷಯಕ್ಕೂ ಈ ಗುಂಪಿನ ಹೆಸರು ಬಳಸುವುದಿಲ್ಲ ಅಂತ ಈಗಲೇ ಮಾತಾಡಿಕೊಂಡುಬಿಡಿ.

ನಿಮ್ಮ ಊರಿನ ಕೆಲಸ ಅರ್ಧಕ್ಕೆ ಬಂದಾಗ ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ತಾಲೂಕಿನಲ್ಲಿ ಸ್ಮಶಾನ ದಾಖಲಾಗದ ಊರುಗಳು ಯಾವುವು, ದಾಖಲಾಗಿ ದಾರಿ ಇಲ್ಲದವು ಯಾವುವು ಅಂತ ಕೇಳಿ. ಆ ಪಟ್ಟಿ ಶಾಸಕರ ಕೆಡಿಪಿ (ಪ್ರಗತಿ ಪರಿಶೀಲನೆ) ಸಭೆಗೆ ಹೋಗುವಂತೆ ನೋಡಿಕೊಳ್ಳಿ. ಒಂದೊಂದೇ ಊರು ಬೇಡುವುದಕ್ಕಿಂತ ಪಟ್ಟಿ ಇಟ್ಟು ಕೇಳಿದರೆ ಅಧಿಕಾರಿಗಳಿಗೂ ಮೇಲಿನವರಿಗೆ ಬರೆಯಲು ಸುಲಭ.

ಸದ್ಯಕ್ಕೆ ಮೂರು ಕಾಗದ ನನಗೆ ಕಳಿಸಿ: ಹಳ್ಳದ ದಂಡೆಯ ಉತಾರ, ಊರಿನ ನಕ್ಷೆ, ಕೇರಿಯವರ ಜೊತೆ ಕೂತು ಗುರುತಿಸಿದ ಜಾಗದ ಸರ್ವೆ ನಂಬರ್. ಅರ್ಜಿಯ ಕರಡು ನಾನೇ ಬರೆದು ಕೊಡುತ್ತೇನೆ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಮೋಜಣಿದಾರರು ಬಂದು ಹೋಗಬೇಕು. ಎರೆ ಹಸಿಯಾದರೆ ಅವರ ಗಾಡಿ ಹೊಲಕ್ಕೆ ಇಳಿಯುವುದಿಲ್ಲ, ಅದನ್ನೇ ನೆಪ ಮಾಡಿ ದೀಪಾವಳಿವರೆಗೆ ಮುಂದೂಡುತ್ತಾರೆ.